ಎರಡು ಮನೆಗಳ ನಡುವೆ

(ಮೈಸೂರಿನ ಒಂದು ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ)

ಮೊದಲು ನಿಮಗೊಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಮನೆ ಗೇಟಿನ ಮೇಲೆ ಮನೆ ನಂಬರ್ ಇದೆ? ಕೈ ಎತ್ತಿ. ಸರಿ, ಸುಮಾರು ಜನ ಎತ್ತಿದ್ದೀರಿ. ಈಗ ಹೇಳಿ, ಸಂಜೆ ಏಳು ಗಂಟೆಗೆ ಗಾಡಿ ಮೇಲೆ ಕೂತು ಬರುವವನಿಗೆ ಆ ನಂಬರ್ ರಸ್ತೆಯಿಂದಲೇ ಕಾಣುತ್ತದಾ? ಕಾಣುತ್ತದೆ ಅನ್ನುವವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಕೈ ಕೆಳಗಿಳಿದವು.

ನಾನು ವಾಷಿಂಗ್ ಮೆಷಿನ್, ಗೀಸರ್, ವಾಟರ್ ಪ್ಯೂರಿಫೈಯರ್ ರಿಪೇರಿ ಮಾಡುವವನು. ಐಟಿಐ ಮುಗಿಸಿ 2005ರಲ್ಲಿ ಒಂದು ಸರ್ವೀಸ್ ಸೆಂಟರಿಗೆ ಸೇರಿದೆ. ಈಗ ಅರ್ಧ ಕೆಲಸ ಸ್ವಂತದ್ದು, ಅರ್ಧ ಮೊಬೈಲ್ ಆ್ಯಪ್‌ನಿಂದ ಬರುತ್ತದೆ. ಹೀಗೆ ಬರುವ ಒಂದೊಂದು ಕೆಲಸವನ್ನೂ ನಮ್ಮ ಭಾಷೆಯಲ್ಲಿ 'ಕಾಲ್' ಅನ್ನುತ್ತೇವೆ. ಇವತ್ತು ಐದು ಕಾಲ್ ಇದೆ, ಮೂರು ಕಾಲ್ ಕ್ಲೋಸ್ ಆಯಿತು, ಹೀಗೆ. ನಿಮ್ಮ ಮನೆಯ ಒಳಗೆ ನಾನು ಮಾಡುವ ಕೆಲಸ ನಿಮಗೆ ಗೊತ್ತು. ಒಂದು ಮನೆಯ ಗೇಟು ಹಾಕಿಕೊಂಡು ಹೊರಟು ಇನ್ನೊಂದು ಮನೆಯ ಬೆಲ್ ಒತ್ತುವ ತನಕ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದನ್ನೇ ಹೇಳೋಣ ಅಂತ ಬಂದಿದ್ದೇನೆ.

ವಿಳಾಸದಿಂದಲೇ ಶುರು ಮಾಡುತ್ತೇನೆ. 'ವಿಜಯನಗರ, ಎರಡನೇ ಕ್ರಾಸ್' ಅಂತ ಮೆಸೇಜ್ ಬರುತ್ತದೆ. ವಿಜಯನಗರದಲ್ಲಿ ನಾಲ್ಕು ಸ್ಟೇಜ್ ಇವೆ. ಮೊದಲನೇ ಸ್ಟೇಜ್ ಒಂಟಿಕೊಪ್ಪಲಿನ ಹತ್ತಿರ. ನಾಲ್ಕನೇ ಸ್ಟೇಜ್ ರಿಂಗ್ ರೋಡ್ ದಾಟಿ ಆಚೆ. ಎರಡೂ ಕಡೆ ಎರಡನೇ ಕ್ರಾಸ್ ಇದೆ. ಫೋನ್ ಮಾಡಿ ಯಾವ ಸ್ಟೇಜ್ ಅಂತ ಕೇಳಿದರೆ ಕೆಲವರಿಗೆ ಬೇಜಾರು. 'ಲೊಕೇಷನ್ ಕಳ್ಸಿದೀನಲ್ಲಾ, ನೋಡ್ಕೊಂಡು ಬನ್ನಿ' ಅನ್ನುತ್ತಾರೆ. ಆ ಲೊಕೇಷನ್ ಹಿಡಿದು ಹೋದರೆ ಹೆಬ್ಬಾಳದ ಒಂದು ಆಫೀಸಿನ ಮುಂದೆ ನಿಂತಿರುತ್ತೇನೆ. ಅವರು ಆಫೀಸಿನಲ್ಲಿ ಕೂತು 'ಈಗ ಇರುವ ಜಾಗ' ಕಳಿಸಿರುತ್ತಾರೆ, ಮನೆ ಇರುವುದು ಜೆ.ಪಿ. ನಗರದಲ್ಲಿ. ಇದು ತಿಂಗಳಿಗೆ ಎರಡು ಮೂರು ಸಲ ಆಗುತ್ತದೆ.

ನಮ್ಮ ಊರು ಹುಡುಕಲು ಕಷ್ಟದ ಊರಲ್ಲ. 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ದೇಶದಲ್ಲಿ ಇಂಥ ಸಂಸ್ಥೆ ಇನ್ನೂ ಹೊಸದಾಗಿದ್ದ ಕಾಲ ಅದು. ನೇರ ರಸ್ತೆ, ಮೇನು, ಕ್ರಾಸು ಅಂತ ಊರು ಬೆಳೆಯಿತು. ಸರಸ್ವತಿಪುರಂನಲ್ಲಿ ಮೇನ್ ರೋಡ್ ನಂಬರ್ ಹೇಳಿದರೆ ಸಾಕು, ಕಣ್ಣು ಮುಚ್ಚಿ ಹೋಗುತ್ತೇನೆ. ಮಂಡಿ ಮೊಹಲ್ಲಾದಂಥ ಹಳೇ ಜಾಗದಲ್ಲಿ ರಸ್ತೆ ಕಿರಿದು, ನಂಬರ್ ಹುಡುಕುವುದು ಕಷ್ಟ, ಆದರೆ ಅಂಗಡಿಯವರನ್ನು ಕೇಳಿದರೆ ಹುಡುಗನನ್ನು ಜೊತೆಗೆ ಕಳಿಸಿ ಬಾಗಿಲ ತನಕ ಬಿಡಿಸುತ್ತಾರೆ. ಕಷ್ಟ ಆಗುವುದು ಹೊಸ ಬಡಾವಣೆಗಳಲ್ಲಿ. ಅಲ್ಲಿ ಸೈಟ್ ನಂಬರ್ ಬೇರೆ, ಮನೆ ನಂಬರ್ ಬೇರೆ. 214ರ ಪಕ್ಕ 215 ಇರಬೇಕು ಅಲ್ವಾ? ಇರುವುದಿಲ್ಲ. ಪಕ್ಕದ್ದು ಖಾಲಿ ಸೈಟು, ಅದರಾಚೆಯ ಮನೆಗೆ ಬರೀ ಹೆಸರು. ಪಕ್ಕದ ಮನೆಯವರನ್ನು ಕೇಳಿದರೆ 'ನಮಗೆ ಗೊತ್ತಿಲ್ಲ' ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಹತ್ತು ವರ್ಷದಿಂದ ಗೋಡೆಗೆ ಗೋಡೆ ಹತ್ತಿಕೊಂಡು ಇದ್ದವರೂ ಹೀಗೆ ಹೇಳಿದ್ದನ್ನು ಕೇಳಿದ್ದೇನೆ. ಅದು ನನಗೆ ನಿಜವಾಗಿ ಬೇಸರ ತರಿಸುತ್ತದೆ.

1972ರ ಆಗಸ್ಟ್ 15ಕ್ಕೆ ದೇಶಕ್ಕೆಲ್ಲ ಪಿನ್‌ಕೋಡ್ ಬಂತು. ನಮ್ಮದು 570ರಿಂದ ಶುರು. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳನ್ನಾಗಿ ಮಾಡಿ, ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಬಹಳ ಒಳ್ಳೆಯದು. ಜನ ಬಳಸುವ ಕಾಲ ಬರಲಿ. ಅಲ್ಲಿಯವರೆಗೆ ಗೇಟಿನ ಮೇಲೆ ಅಂಗೈ ಅಗಲದ ನಂಬರ್ ಬರೆಸಿದರೆ ನನಗೆ ಸಾಕು. ಆಂಬುಲೆನ್ಸ್ ಬಂದರೂ ಅದೇ ನಂಬರ್ ನೋಡಬೇಕು ತಾನೇ?

ಈಗ ನನ್ನ ನೋಟ್‌ಬುಕ್ಕಿನಿಂದ ಒಂದು ಪುಟ ಓದುತ್ತೇನೆ. ಸುಮ್ನೆ ಬಾಯಲ್ಲಿ ಹೇಳಿದರೆ ಜಾಸ್ತಿ ಮಾಡಿ ಹೇಳುತ್ತಿದ್ದಾನೆ ಅನ್ನಿಸಬಹುದು ಅಂತ, ಕಳೆದ ಜೂನ್‌ನಲ್ಲಿ ಒಂದು ಮಂಗಳವಾರ ಗಂಟೆ, ನಿಮಿಷ ಎಲ್ಲ ಬರೆದಿಟ್ಟೆ.

ಬೆಳಿಗ್ಗೆ 8:20ಕ್ಕೆ ಮೇಟಗಳ್ಳಿಯ ಮನೆ ಬಿಟ್ಟೆ. 8:40ಕ್ಕೆ ಗೋಕುಲಂ. ಮನೆಯವರು ವಾಕಿಂಗ್ ಹೋಗಿದ್ದರು, ಗೇಟಿನ ಹೊರಗೆ 25 ನಿಮಿಷ. 9:05ರಿಂದ 9:45, ಪ್ಯೂರಿಫೈಯರ್ ಫಿಲ್ಟರ್ ಬದಲಿಸಿದೆ. 10:05ಕ್ಕೆ ಹೆಬ್ಬಾಳದ ಒಂದು ಅಪಾರ್ಟ್‌ಮೆಂಟ್. ಗೇಟಿನಲ್ಲಿ ಹೆಸರು, ಫೋನ್ ನಂಬರ್, ಫೋಟೋ. ಮೇಲಿನ ಮನೆಯವರು ಒಪ್ಪಿಗೆ ಒತ್ತಬೇಕು, ಅವರು ಫೋನ್ ನೋಡಲಿಲ್ಲ. ಗಾಡಿ ಹೊರಗೆ ಬಿಟ್ಟು, 14 ಕೆಜಿ ಬ್ಯಾಗು ಹೊತ್ತು, ಕೆಲಸದವರ ಲಿಫ್ಟಿಗೆ ಕಾದು ಒಳಗೆ ಹೋಗುವಾಗ 10:30. ಕೆಲಸ 11:15ಕ್ಕೆ ಮುಗಿಯಿತು. 11:50ಕ್ಕೆ ಬೋಗಾದಿ. ಬಾಗಿಲಿಗೆ ಬೀಗ. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. 12:10ರ ತನಕ ನಿಂತು ಹೊರಟೆ. ಶಿವರಾಂಪೇಟೆಗೆ ಹೋಗಿ ಸ್ಪೇರ್ ತೆಗೆದುಕೊಂಡೆ, ಊಟ ಮಾಡಿದೆ, 1:50. ಕುವೆಂಪುನಗರ ಎಂ ಬ್ಲಾಕಿನಲ್ಲಿ ಗೀಸರ್, 2:15ರಿಂದ 3:50. 4:20ಕ್ಕೆ ಶ್ರೀರಾಂಪುರ ಸೇರಿದೆ, ಮನೆ ಸಿಕ್ಕಿದ್ದು 4:45ಕ್ಕೆ. 5:35ಕ್ಕೆ ಕೆಲಸ ಮುಗಿಯಿತು. 6:20ಕ್ಕೆ ಮನೆ.

ಕೂಡಿ ನೋಡಿ. ಮನೆಯಿಂದ ಹೊರಗಿದ್ದದ್ದು 10 ಗಂಟೆ. ಕೈಯಲ್ಲಿ ಸ್ಪ್ಯಾನರ್ ಇದ್ದದ್ದು 3 ಗಂಟೆ 50 ನಿಮಿಷ. ಉಳಿದ 6 ಗಂಟೆ 10 ನಿಮಿಷ ರಸ್ತೆಯಲ್ಲಿ, ಗೇಟಿನಲ್ಲಿ, ಅಂಗಡಿಯಲ್ಲಿ, ಬೀಗದ ಮುಂದೆ. ದುಡ್ಡು ಬರುವುದು ಆ 3 ಗಂಟೆ 50 ನಿಮಿಷಕ್ಕೆ ಮಾತ್ರ. ಎಲ್ಲ ದಿನವೂ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅವತ್ತು ವಿಶೇಷ ಏನೂ ನಡೆದಿರಲಿಲ್ಲ. ಅದೊಂದು ಸಾಮಾನ್ಯ ಮಂಗಳವಾರ.

ದಸರಾ ಬಂತೆಂದರೆ ಲೆಕ್ಕವೇ ಬೇರೆ. ನೆಂಟರು ಬರುತ್ತಾರೆ, ಎಲ್ಲರ ಗೀಸರೂ ಆ ಹದಿನೈದು ದಿನದಲ್ಲೇ ಕೆಡುತ್ತವೆ. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು ಐದು ಕಿಲೋಮೀಟರ್ ದಾರಿಗೆ ಗಾಡಿ ಬಿಡುವುದಿಲ್ಲ. ಲಷ್ಕರ್ ಮೊಹಲ್ಲಾದಿಂದ ಫೋನ್ ಬಂದರೆ 'ನಾಳೆ ಬರ್ತೀನಿ ಸಾರ್' ಅಂತ ಹೇಳದೆ ಬೇರೆ ದಾರಿ ಇರುವುದಿಲ್ಲ. ಅವತ್ತು ಯಾರಿಗೂ ಕೋಪ ಬರುವುದಿಲ್ಲ, ಹಬ್ಬ ಅಲ್ವಾ.

ಕುವೆಂಪುನಗರದ ಆ ಗೀಸರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೂ ಗಿರಾಕಿಗೂ ನಡುವೆ ಜಗಳ ಬರುವುದು ಜಾಸ್ತಿ ಇದೇ ಜಾಗದಲ್ಲಿ.

ಆ ಮನೆಗೆ ನದಿ ನೀರಿನ ನಲ್ಲಿ ಇದೆ, ಜೊತೆಗೆ ಬೋರ್‌ವೆಲ್ ಕೂಡ ಇದೆ. ಬೇಸಿಗೆಯಲ್ಲಿ ಬೋರ್ ನೀರನ್ನೇ ಮೇಲಿನ ಟ್ಯಾಂಕಿಗೆ ಏರಿಸಿದ್ದರು. ಯಜಮಾನರು ನಿವೃತ್ತ ಅಧಿಕಾರಿ. ಬಾಗಿಲು ತೆಗೆಯುತ್ತಲೇ ಹೇಳಿದರು, 'ಹೋದ್ ವರ್ಷ ನಿಮ್ಮೋರೇ ಒಬ್ರು ಬಂದು ಸರ್ವೀಸ್ ಮಾಡಿ ಹೋದ್ರು ಕಣಯ್ಯಾ. ಅವತ್ತಿಂದ ಕೆಟ್ಟೋಯ್ತು.' ನಾನು ಏನೂ ಹೇಳಲಿಲ್ಲ. ಮೇನ್ ಆಫ್ ಮಾಡಿ, ನೀರು ಖಾಲಿ ಮಾಡಿ, ಕೆಳಗಿನ ಮುಚ್ಚಳದ ಬೋಲ್ಟ್ ಬಿಚ್ಚಿದೆ. ಮುಚ್ಚಳ ಸುಲಭಕ್ಕೆ ಬರಲಿಲ್ಲ. ಬಕೆಟ್ ಕೆಳಗಿಟ್ಟು ಮೆಲ್ಲಗೆ ಅಲ್ಲಾಡಿಸಿ ಎಳೆದಾಗ ಮೊದಲು ಬಿದ್ದದ್ದು ಬಿಳಿ ಪುಡಿ, ಆಮೇಲೆ ಚೂರು ಚೂರು ಬಿಳಿ ಹಕ್ಕಳೆ. ಬೊಗಸೆ ತುಂಬ ಇತ್ತು. ಗೋಡೆಗೆ ಬಳಿದ ಹಳೇ ಸುಣ್ಣ ಎದ್ದು ಬಂದಂತೆ. ಕಾಯಿಲ್ ಹೊರಗೆ ಬಂದಾಗ ಅದರ ಲೋಹ ಕಾಣಲೇ ಇಲ್ಲ, ಬೆರಳು ದಪ್ಪ ಬಿಳಿ ಕಟ್ಟಿಕೊಂಡಿತ್ತು. ಪಕ್ಕದಲ್ಲಿ ಮೆಗ್ನೀಸಿಯಂ ಸರಳು ಒಂದು ಇರಬೇಕು. ಅದು ಇರಲಿಲ್ಲ, ಒಳಗಿನ ತಂತಿ ಮಾತ್ರ ಉಳಿದಿತ್ತು.

ಯಜಮಾನರನ್ನು ಕರೆದು ಬಕೆಟ್ ತೋರಿಸಿದೆ. 'ಇದೇನಯ್ಯಾ?' ಅಂದರು. 'ನಿಮ್ಮ ಬೋರ್ ನೀರು ಸಾರ್' ಅಂದೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಕೊಂಡಿರುತ್ತವೆ. ತಣ್ಣಗಿದ್ದಾಗ ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದರೆ ಬೇರೆಯಾಗಿ ಬಿಸಿ ಇರುವ ಜಾಗಕ್ಕೇ ಅಂಟುತ್ತವೆ. ಅದು ಕಾಯಿಲಿಗೆ ಕಂಬಳಿ ಹೊದ್ದಿಸಿದ ಹಾಗೆ. ಕಾಯಿಲಿನ ಶಾಖ ನೀರಿಗೆ ಹೋಗುವುದಿಲ್ಲ, ಕಾಯಿಲಿನಲ್ಲೇ ಉಳಿಯುತ್ತದೆ. ನೀರು ಬಿಸಿಯಾಗಲು ಜಾಸ್ತಿ ಹೊತ್ತು ಬೇಕು. 2000 ವ್ಯಾಟಿನ ಗೀಸರ್ ಒಂದು ಗಂಟೆ ಉರಿದರೆ ಎರಡು ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ಬಿಲ್ ಬರಲ್ಲ ಬಿಡಿ ಅನ್ನಬಹುದು. ಆದರೆ ಕೊನೆಗೆ ಕಾಯಿಲ್ ಒಡೆಯುತ್ತದೆ, ಕರೆಂಟು ನೀರಿಗೆ ಬರುತ್ತದೆ. ಅದು ಬಿಲ್ಲಿನ ವಿಷಯ ಅಲ್ಲ, ಜೀವದ ವಿಷಯ. ಮನೆಯಲ್ಲಿ ಅರ್ತಿಂಗ್ ಸರಿಯಾಗಿದ್ದು, 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಹಾಕಿಸಿದ್ದರೆ ಅದು ತಟ್ಟನೆ ಬೀಳುತ್ತದೆ, ಜೀವ ಉಳಿಯುತ್ತದೆ. ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ. ಆ ಮೆಗ್ನೀಸಿಯಂ ಸರಳು ಇದೆಯಲ್ಲ, ಅದು ಟ್ಯಾಂಕಿನ ಬದಲು ತಾನು ಸವೆಯಲಿ ಅಂತಲೇ ಹಾಕಿರುವುದು. ಅದು ಪೂರ್ತಿ ಸವೆದ ಮೇಲೆ ಟ್ಯಾಂಕ್ ಸವೆಯಲು ಶುರುವಾಗುತ್ತದೆ. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ತೆಗೆದು ನೋಡಬೇಕು.

ಅಂದರೆ ಹಿಂದೆ ಬಂದವನು ಕೆಡಿಸಿ ಹೋಗಿರಲಿಲ್ಲ. ಅವನು ಯಾರೋ ನನಗೆ ಗೊತ್ತಿಲ್ಲ, ಆದರೂ ಅವತ್ತು ಅವನ ಪರವಾಗಿ ಆ ಬಕೆಟ್ ತೋರಿಸಿದ್ದು ನನಗೆ ಸಮಾಧಾನ ಕೊಟ್ಟಿತು. ಯಜಮಾನರೂ ಒಳ್ಳೆಯವರು. ಕೊನೆಗೆ 'ಕಾಫಿ ತಗೋ ಕಣಯ್ಯಾ' ಅಂತ ತಾವೇ ತಂದುಕೊಟ್ಟರು.

ನೀರಿನ ಮಾತು ಬಂದಾಗ ಇನ್ನೊಂದು ಹೇಳಿಬಿಡುತ್ತೇನೆ, ವಿಷಯ ಸ್ವಲ್ಪ ಬಿಟ್ಟು ಹೋದರೂ ಚಿಂತೆಯಿಲ್ಲ. ಮೈಸೂರಿಗೆ ಕಾವೇರಿ, ಕಬಿನಿ ಎರಡರ ನೀರೂ ಬರುತ್ತದೆ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ, ಬಿದರಗೋಡಿನಿಂದ ಕಬಿನಿ. ಕೆಲವರು ನೀರಿನಲ್ಲಿ ಕರಗಿದ ಉಪ್ಪು ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ಹಿಡಿದು ಬಂದು, 180 ತೋರಿಸುವ ನಲ್ಲಿ ನೀರಿನ ಮುಂದೆ ಹೆದರಿಸಿ ಆರ್‌ಓ ಮೆಷಿನ್ ಮಾರಿ ಹೋಗುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಲೆಕ್ಕ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 2000ದ ತನಕ ಒಪ್ಪುತ್ತಾರೆ. ಆ ಪೆನ್ನು ಕರಗಿದ ಉಪ್ಪನ್ನು ಮಾತ್ರ ಅಳೆಯುತ್ತದೆ, ಕ್ರಿಮಿ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ನದಿ ನೀರು ಮಾತ್ರ ಬರುವ ಮನೆಗಳಲ್ಲಿ ನನ್ನ ಪೆನ್ನು ಯಾವತ್ತೂ 500 ಮುಟ್ಟಿಲ್ಲ. ಅಂಥ ಮನೆಗೆ ಆರ್‌ಓ ಬೇಡ ಅಂತಲೇ ಹೇಳುತ್ತೇನೆ. ಸುಮ್ನೆ ಅರ್ಧಕ್ಕಿಂತ ಜಾಸ್ತಿ ನೀರು ಮೋರಿಗೆ ಹೋಗುತ್ತದೆ. ಹಾಗೆ ಹೇಳಿದ್ದಕ್ಕೆ ಮಾರುವವರಿಂದ ಬೈಗುಳ ತಿಂದಿದ್ದೇನೆ. ಇರಲಿ.

ಶ್ರೀರಾಂಪುರದ ಮನೆಗೆ ಬರೋಣ. ವಾಷಿಂಗ್ ಮೆಷಿನ್‌ಗೆ ನೀರೇ ತುಂಬುತ್ತಿಲ್ಲ ಅಂತ ಕಂಪ್ಲೇಂಟ್. ನಲ್ಲಿ ಬಂದ್ ಮಾಡಿ, ಮೆಷಿನ್ ಹಿಂದಿನ ಪೈಪ್ ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಪೈಪು ಕೂರುವ ತೂತಿನಲ್ಲಿ ಕಿರುಬೆರಳ ತುದಿಯಷ್ಟು ಒಂದು ಜಾಲರಿ ಇರುತ್ತದೆ. ಅದರ ತುಂಬ ಕೆಂಪು ಮರಳು, ಪಾಚಿ. ಟ್ಯಾಂಕ್ ತೊಳೆಸಿ ಎಷ್ಟು ದಿನವಾಗಿತ್ತೋ. ಇಕ್ಕಳದಲ್ಲಿ ಹಿಡಿದು ಎಳೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ತೊಳೆದು ವಾಪಸ್ ಹಾಕಿದೆ. ನೀರು ಬಂತು. ಅಷ್ಟಕ್ಕೇ ಬಿಡಲಿಲ್ಲ. ಒಂದು ಸಲ ಪೂರ್ತಿ ಓಡಿಸಿ, ನೀರು ಹೊರಗೆ ಹೋಗುತ್ತದಾ, ಡ್ರಮ್ಮಿನ ರಬ್ಬರ್ ಹರಿದಿದೆಯಾ ಎಲ್ಲ ನೋಡಿದೆ. 350 ರೂಪಾಯಿ ಹೇಳಿದೆ.

ಆ ಮನೆಯ ಮೇಡಂ ಅಂದರು, 'ಅಯ್ಯೋ, ಬರೀ ಆ ಜಾಲರಿ ತೊಳ್ದಿದ್ದಕ್ಕೆ ಮುನ್ನೂರೈವತ್ತಾ? ಒಂದು ಸ್ಪೇರೂ ಹಾಕಿಲ್ಲವಲ್ಲಾ?'

ಇದು ನಮ್ಮ ಕೆಲಸದಲ್ಲಿ ದಿನಾ ಕೇಳುವ ಮಾತು. ಸಾಮಾನಿಗೆ ದುಡ್ಡು ಕೊಡಲು ಯಾರಿಗೂ ಬೇಜಾರಿಲ್ಲ. 1200 ರೂಪಾಯಿಯ ವಾಲ್ವ್ ಹಾಕಿ 1500 ಕೇಳಿದ್ದರೆ ಆ ಮೇಡಂ ಮರುಮಾತಾಡದೆ ಕೊಡುತ್ತಿದ್ದರು. ಕೈಯಲ್ಲಿ ಹಿಡಿಯಬಹುದಾದ ವಸ್ತು ಬೇಕು ಜನಕ್ಕೆ. ವಾಲ್ವ್ ಚೆನ್ನಾಗಿಯೇ ಇದೆ, ಬದಲಿಸುವುದು ಬೇಡ ಅಂತ ತಿಳಿಯಲು ಇಪ್ಪತ್ತು ವರ್ಷದ ಅನುಭವ ಬೇಕು. ಅದಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಇಲ್ಲ. ಒಳ್ಳೆಯ ವಾಲ್ವನ್ನೇ ಬದಲಿಸಿ ಬಿಲ್ ಬರೆಯುವವರು ಯಾಕೆ ಹುಟ್ಟಿಕೊಳ್ಳುತ್ತಾರೆ ಅಂತ ನೀವು ಯೋಚನೆ ಮಾಡಬೇಕು. ನಾನು ಅವತ್ತು ಆ ಮೇಡಂಗೆ ಜಾಲರಿ ಹೇಗೆ ತೆಗೆಯುವುದು ಅಂತ ಕೂರಿಸಿ ತೋರಿಸಿದೆ. ಮೂರು ತಿಂಗಳಿಗೊಮ್ಮೆ ನೀವೇ ತೊಳೆದುಕೊಳ್ಳಿ, ನನ್ನನ್ನು ಕರೆಯುವುದು ಬೇಡ ಅಂದೆ. ಇಲ್ಲಿ ಕೂತಿರುವ ನಿಮಗೂ ಅದೇ ಹೇಳುತ್ತೇನೆ. ನಲ್ಲಿ ಬಂದ್ ಮಾಡುವುದು, ಪ್ಲಗ್ ತೆಗೆಯುವುದು, ಇವೆರಡು ಮರೆಯಬೇಡಿ.

ಸ್ಟಾರ್ ವಿಷಯ ಎರಡೇ ಮಾತು. ಆ್ಯಪ್‌ನಲ್ಲಿ ನಾಲ್ಕು ಸ್ಟಾರ್ ಕೊಟ್ಟು 'ಚೆನ್ನಾಗಿ ಮಾಡಿದ್ರು' ಅಂತ ಬರೆಯುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಕೊಡುತ್ತಾರೆ, ಶಾಲೆಯಲ್ಲಿ ಎಂಬತ್ತು ಮಾರ್ಕ್ಸ್ ಕೊಟ್ಟ ಹಾಗೆ. ಆದರೆ ನಮಗೆ ಸರಾಸರಿ ಸ್ವಲ್ಪ ಇಳಿದರೂ ಬರುವ ಕಾಲ್ ಕಡಿಮೆಯಾಗುತ್ತದೆ. ಮನೆ ಹುಡುಕಿ ಇಪ್ಪತ್ತೈದು ನಿಮಿಷ ತಡವಾಗಿದ್ದಕ್ಕೆ ಒಂದು ಸ್ಟಾರ್ ಕಳೆದರೆ, ಆ ತಡ ಯಾರದು ಅಂತ ಬರೆಯಲು ನನಗೆ ಅಲ್ಲಿ ಜಾಗ ಇಲ್ಲ.

ನಾನು ಗಂಡಸು. ಇದುವರೆಗೆ ಹೇಳಿದ್ದೆಲ್ಲ ಕಿರಿಕಿರಿ ಅಷ್ಟೇ, ತಡೆದುಕೊಳ್ಳಬಹುದು. ನಮ್ಮ ಬೀದಿಯಲ್ಲೇ ಒಬ್ಬ ಹೆಣ್ಣುಮಗಳು ಇದ್ದಾಳೆ. ನನಗಿಂತ ಚಿಕ್ಕವಳು, ನನ್ನನ್ನು ಅಣ್ಣ ಅನ್ನುತ್ತಾಳೆ. ಮನೆ ಮನೆಗೆ ಹೋಗಿ ಪಾರ್ಲರ್ ಕೆಲಸ ಮಾಡುತ್ತಾಳೆ. ಸ್ಕೂಟರಿನ ಮುಂದೆ ಒಂದು ದೊಡ್ಡ ಬ್ಯಾಗು, ಮಡಚುವ ಕುರ್ಚಿ, ವ್ಯಾಕ್ಸ್ ಕಾಯಿಸುವ ಹೀಟರ್. ಎರಡು ವರ್ಷದ ಹಿಂದೆ ಅವಳಿಗೆ ಪದೇ ಪದೇ ಜ್ವರ ಬರುತ್ತಿತ್ತು, ಹೊಟ್ಟೆ ಕೆಳಗೆ ನೋವು. ಮೂತ್ರದ ಸೋಂಕು ಅಂದರು ಡಾಕ್ಟರು. 'ನೀರು ಕುಡೀತೀಯಾ?' ಅಂತ ಕೇಳಿದರಂತೆ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಕಾಫಿ. ಆಮೇಲೆ ಸಂಜೆ ಮನೆಗೆ ಬರುವ ತನಕ ಏನೂ ಇಲ್ಲ. ಬೇಕೆಂದೇ ಕುಡಿಯುತ್ತಿರಲಿಲ್ಲ.

ಯಾಕೆ ಅಂತ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಾಳೆ. ಎರಡು ಗಂಟೆ ಒಬ್ಬರ ಮನೆಯಲ್ಲಿ ಕೂತು ಅವರ ಕಾಲು ತೊಳೆದು, ಉಗುರು ತೆಗೆದು, ಮುಖ ತಿಕ್ಕಿದ ಮೇಲೆ 'ಅಕ್ಕಾ, ಬಾತ್‌ರೂಮ್ ಉಪಯೋಗಿಸ್ಲಾ?' ಅಂತ ಕೇಳಿದರೆ, ಕೆಲವರ ಮುಖ ಬದಲಾಗುತ್ತದಂತೆ. ಒಬ್ಬರು 'ಕೆಳಗೆ ಸೆಕ್ಯೂರಿಟಿಯವ್ರದ್ದು ಇದೆ ನೋಡಿ' ಅಂದರಂತೆ. ಕೆಳಗೆ ಹೋದರೆ ಅದಕ್ಕೆ ಚಿಲಕ ಇಲ್ಲ. ಹೊರಗೆ ಗಂಡಸರು ಕೂತಿದ್ದಾರೆ. ತಿರುಗಿ ಬಂದು ಸ್ಕೂಟರ್ ಹತ್ತಿ ರಾಮಕೃಷ್ಣನಗರದಿಂದ ಮೇಟಗಳ್ಳಿಯ ತನಕ ಹಾಗೇ ಬಂದಿದ್ದಾಳೆ. ಅವತ್ತಿನಿಂದ ಯಾರನ್ನೂ ಕೇಳಿಲ್ಲ.

ನಾನು ಇಪ್ಪತ್ತು ವರ್ಷದಿಂದ ಜನರ ಬಾತ್‌ರೂಮಿನ ಒಳಗೇ ನಿಂತು ಗೀಸರ್ ಬಿಚ್ಚುತ್ತಿದ್ದೇನೆ. ಆ ಬಾತ್‌ರೂಮನ್ನು ಬಳಸಬಹುದಾ ಅಂತ ಕೇಳಲು ನನಗೂ ನಾಲಿಗೆ ಏಳುವುದಿಲ್ಲ. ನಾನಾದರೂ ದಾರಿಯಲ್ಲಿ ಎಲ್ಲೋ ನಿಲ್ಲಿಸುತ್ತೇನೆ. ಅವಳು ಎಲ್ಲಿ ನಿಲ್ಲಿಸಬೇಕು? ಸ್ವಚ್ಛ ನಗರ ಅಂತ ನಮ್ಮ ಊರಿಗೆ ದೇಶದಲ್ಲಿ ಹೆಸರಿದೆ. 2015 ಮತ್ತು 2016ರಲ್ಲಿ ಮೊದಲನೇ ಸ್ಥಾನ ಬಂದಿತ್ತು, ನಾವೆಲ್ಲ ಹೆಮ್ಮೆಪಟ್ಟೆವು. ಈ ಹೆಣ್ಣುಮಗಳಿಗೆ ಮಧ್ಯಾಹ್ನ ಎರಡು ಗಂಟೆಗೆ ಬಡಾವಣೆಯ ಒಳಗೆ ಹೋಗಲು ಒಂದು ಜಾಗ ಬೇಕು. ಅವಳು ಕೇಳುವ ಮೊದಲೇ ನೀವು 'ಬಾತ್‌ರೂಮ್ ಇಲ್ಲಿದೆಯಮ್ಮಾ' ಅಂತ ಹೇಳಿಬಿಟ್ಟರೆ ಸಾಕು. ನೀರು ಬೇಕಾ ಅಂತ ಎಷ್ಟು ಸಹಜವಾಗಿ ಕೇಳುತ್ತೀರೋ ಅಷ್ಟೇ ಸಹಜವಾಗಿ. ಅವಳು ಇನ್ನೂ ಇದೇ ಕೆಲಸ ಮಾಡುತ್ತಿದ್ದಾಳೆ. ಈಗ ಬ್ಯಾಗಿನಲ್ಲಿ ಒಂದು ಬಾಟಲಿ ನೀರು ಇಟ್ಟುಕೊಳ್ಳುತ್ತಾಳೆ. ಅದರಲ್ಲಿ ಅರ್ಧ ಸಂಜೆ ವಾಪಸ್ ಬರುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಕಾನೂನು ಏನಾದರೂ ಇದೆಯಾ ಅಂತ ಇಲ್ಲಿ ಒಬ್ಬರು ಮೊದಲೇ ಕೇಳಿದ್ದರು. ಇದೆ. 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರು, ಅಂದರೆ ತಿಂಗಳ ಸಂಬಳವಿಲ್ಲದೆ ಒಂದೊಂದು ಕೆಲಸಕ್ಕೆ ದುಡ್ಡು ಪಡೆಯುವವರು, ಇದ್ದರು, 2029–30ಕ್ಕೆ 2.35 ಕೋಟಿ ಆಗುತ್ತಾರೆ ಅಂತ ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿತ್ತು. ಕರ್ನಾಟಕ 2025ರಲ್ಲಿ ಇವರಿಗಾಗಿ ಸಾಮಾಜಿಕ ಭದ್ರತೆಯ ಕಾನೂನು ತಂದಿದೆ. ಆ್ಯಪ್ ಮೂಲಕ ನಡೆಯುವ ಒಂದೊಂದು ಕೆಲಸಕ್ಕೂ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ಬರೆದು ಕೊಡದೆ, 14 ದಿನ ಮೊದಲೇ ತಿಳಿಸದೆ ಸುಮ್ನೆ ತೆಗೆದುಹಾಕುವಂತಿಲ್ಲ. ನಾನು ಅಸಂಘಟಿತ ಕೆಲಸಗಾರರ ಹೆಸರು ಬರೆದುಕೊಳ್ಳುವ ಕೇಂದ್ರ ಸರ್ಕಾರದ ಇ-ಶ್ರಮ್‌ನಲ್ಲಿ ಹೆಸರು ಬರೆಸಿದ್ದೇನೆ, ಆ ಹೆಣ್ಣುಮಗಳದ್ದೂ ನಾನೇ ಬರೆಸಿದೆ. ನಿಮ್ಮ ಮನೆಗೆ ಬರುವವರು ಬರೆಸಿಲ್ಲದಿದ್ದರೆ ಹೇಳಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಇದ್ದರೆ ಆಯಿತು. ಈ ಕಾನೂನು ಬಂದದ್ದು ನನಗೆ ತುಂಬ ಸಂತೋಷ. ಆದರೆ ಲೆಕ್ಕ ಶುರುವಾಗುವುದು ನನಗೆ ದುಡ್ಡು ಬಂದ ಕೆಲಸದಿಂದ. ಗೋಕುಲಂನ 25 ನಿಮಿಷ, ಹೆಬ್ಬಾಳದ ಗೇಟಿನ 25 ನಿಮಿಷ, ಶ್ರೀರಾಂಪುರದಲ್ಲಿ ಮನೆ ಹುಡುಕಿದ 25 ನಿಮಿಷ, ಅವು ಯಾವ ಲೆಕ್ಕದಲ್ಲೂ ಇಲ್ಲ. ಅವನ್ನು ಕಾನೂನು ಕೊಡಲಾರದು. ನೀವು ಮಾತ್ರ ಕೊಡಬಹುದು. ಹನ್ನೊಂದಕ್ಕೆ ಬನ್ನಿ ಅಂದರೆ ಹನ್ನೊಂದಕ್ಕೆ ಮನೆಯಲ್ಲಿರಿ. ಇರಲಾಗದಿದ್ದರೆ ಹತ್ತಕ್ಕೇ ಒಂದು ಮೆಸೇಜ್ ಹಾಕಿ. ಗೇಟಿಗೆ ಮೊದಲೇ ಹೇಳಿಡಿ. ಇಷ್ಟೇ ನಾನು ಕೇಳುವುದು.

ಬೋಗಾದಿಯ ಬೀಗದ ಮನೆ ಏನಾಯಿತು ಅಂತ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳುತ್ತಿದ್ದಾರೆ. ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಅಲ್ಲಿಂದ ಫೋನ್ ಬಂತು. ನನಗೆ ಹೋಗಲು ಮನಸ್ಸಿರಲಿಲ್ಲ. ಆದರೂ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು ಬಾಗಿಲು ತೆಗೆದಳು, ಸೊಂಟದಲ್ಲಿ ಮಗು. ಕಣ್ಣು ಕೆಂಪಗಿತ್ತು. ಅತ್ತೆಗೆ ಹಿಂದಿನ ದಿನ ಬೆಳಿಗ್ಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಫೋನ್ ಮನೆಯಲ್ಲೇ ಬಿಟ್ಟು ಓಡಿದ್ದರು. ನಾನು ಏನೂ ಕೇಳಲಿಲ್ಲ, ಅವಳೇ ಹೇಳಿದಳು. ಆಮೇಲೆ ಕೇಳಿದಳು, 'ನಿನ್ನೆ ಎಷ್ಟು ಹೊತ್ತು ಕಾದ್ರಿ ಅಣ್ಣಾ?'

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. 'ಇಪ್ಪತ್ತು ನಿಮಿಷ ಅಮ್ಮಾ, ಪರವಾಗಿಲ್ಲ' ಅಂದೆ. ಮೆಷಿನ್ ನೀರು ಹೊರಗೆ ಬಿಡುತ್ತಿರಲಿಲ್ಲ. ಕೆಳಗಿನ ಮುಚ್ಚಳ ತೆಗೆದು ಡ್ರೈನ್ ಪಂಪಿಗೆ ಬೆರಳು ಹಾಕಿದೆ. ಒಂದು ಹೇರ್‌ಪಿನ್ನು, ಎರಡು ರೂಪಾಯಿ ನಾಣ್ಯ ಒಂದು, ಆಮೇಲೆ ಮುದ್ದೆಯಾಗಿ ಸಿಕ್ಕಿಕೊಂಡಿದ್ದ ಹಳದಿ ಬಣ್ಣದ ಪುಟ್ಟ ಕಾಲುಚೀಲ. ತೊಳೆದು ಕೊಟ್ಟೆ. ಮಗು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಿತು.